ಡಿಯಾರಾ ತೀರ್ಪು: ಆಡದೆ ಕಳೆದ ಒಂದು ಋತುವಿನ ಬೆಲೆ ಕಟ್ಟುವುದು ಹೇಗೆ?

ಫ್ರಾನ್ಸಿನ ಮಾಜಿ ಮಿಡ್‌ಫೀಲ್ಡರ್ ಲಸಾನಾ ಡಿಯಾರಾ 2019ರಲ್ಲೇ ಬೂಟು ಕಳಚಿಟ್ಟವರು. ಆರು ವರ್ಷಗಳ ನಂತರ, 2025ರ ಆಗಸ್ಟ್‌ನಲ್ಲಿ, ಅವರು ಫಿಫಾ ಮತ್ತು ಬೆಲ್ಜಿಯಂ ಫುಟ್‌ಬಾಲ್ ಸಂಸ್ಥೆಯಿಂದ 6.5 ಕೋಟಿ ಯೂರೋ, ನಮ್ಮ ಲೆಕ್ಕದಲ್ಲಿ 650 ಕೋಟಿ ರೂಪಾಯಿಗೂ ಮೇಲ್ಪಟ್ಟ ಪರಿಹಾರ ಕೇಳಿದ್ದಾರೆ ಎಂಬ ಸುದ್ದಿ ಬಂತು. ಅದೇ ತಿಂಗಳು ನೆದರ್‌ಲ್ಯಾಂಡ್ಸ್‌ನ ಪ್ರತಿಷ್ಠಾನವೊಂದು ಸಾವಿರಾರು ಆಟಗಾರರ ಪರವಾಗಿ ಫಿಫಾ ವಿರುದ್ಧ ಸಾಮೂಹಿಕ ದಾವೆ ಹೂಡುವುದಾಗಿ ಪ್ರಕಟಿಸಿತು. ಎರಡಕ್ಕೂ ಮೂಲ ಒಂದೇ: 2024ರ ಅಕ್ಟೋಬರ್ 4ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ನೀಡಿದ ತೀರ್ಪು.

ಈ ತೀರ್ಪಿನ ಬಗ್ಗೆ ಓದುಗರಲ್ಲಿ ಗೊಂದಲವಿದ್ದರೆ ಆಶ್ಚರ್ಯವೇನಿಲ್ಲ. ಶುಲ್ಕ ಕೊಟ್ಟು ಬೇರೆ ಕ್ಲಬ್ಬಿನ ಆಟಗಾರನನ್ನು ಪಡೆಯುವ ಟ್ರಾನ್ಸ್‌ಫರ್ ಪದ್ಧತಿಯೇ ಮುಗಿಯಿತು ಎಂದು ಕೆಲವರು ಬರೆದರು. ತನ್ನ ನಿಯಮಾವಳಿಯ ಎರಡು ವಿಧಿಗಳ ಎರಡು ಪರಿಚ್ಛೇದಗಳನ್ನಷ್ಟೇ ಇದು ಪ್ರಶ್ನಿಸಿದೆ ಎಂದು ಫಿಫಾ ಹೇಳಿತು. ಎರಡೂ ಪೂರ್ತಿ ನಿಜವಲ್ಲ. ನ್ಯಾಯಾಲಯ ಟ್ರಾನ್ಸ್‌ಫರ್ ಪದ್ಧತಿಯನ್ನು ಕೆಡವಿಲ್ಲ. ಕರಾರು ಮುರಿದ ಆಟಗಾರನಿಗೆ ಬೇರೆ ಯಾರೂ ಕೆಲಸ ಕೊಡದಂತೆ ಮಾಡುತ್ತಿದ್ದ ವ್ಯವಸ್ಥೆಯನ್ನು ಅದು ಅಕ್ರಮ ಎಂದಿತು. ಎರಡೇ ಪರಿಚ್ಛೇದಗಳಿರಬಹುದು, ಆದರೆ ಆಟಗಾರನನ್ನು ಅಂಜಿಸಿ ಕೂರಿಸುವ ಬಲವೆಲ್ಲ ಅವುಗಳಲ್ಲೇ ಇತ್ತು.

ಯಾರು ಈ ಡಿಯಾರಾ

1985ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಡಿಯಾರಾ, ಮಾಲಿ ದೇಶದಿಂದ ಬಂದು ನೆಲೆಸಿದ ಕುಟುಂಬದವರು. ಲ ಆವ್ರ್ ಕ್ಲಬ್ಬಿನಿಂದ 2005ರಲ್ಲಿ ಚೆಲ್ಸಿಗೆ ಹೋದಾಗ ಅವರನ್ನು ಅಲ್ಲಿನ ಹೆಸರಾಂತ ರಕ್ಷಣಾತ್ಮಕ ಮಿಡ್‌ಫೀಲ್ಡರ್ ಕ್ಲೋದ್ ಮಾಕೆಲೆಲೆಯ ಉತ್ತರಾಧಿಕಾರಿ ಎಂದೇ ಕರೆದರು. ಎದುರಾಳಿಯ ಕಾಲಿನಿಂದ ಚೆಂಡು ಕಸಿದು, ಸರಳವಾಗಿ ಪಕ್ಕದವನಿಗೆ ಕೊಟ್ಟು, ಮತ್ತೆ ಓಡುವ ಕೆಲಸ ಅವರದು. ಗೋಲು ಹೊಡೆಯುವವರ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಇಂಥ ಮಿಡ್‌ಫೀಲ್ಡರ್‌ನ ಬೆಲೆ ಗೊತ್ತಾಗುವುದು ಅವನು ಮೈದಾನದಲ್ಲಿ ಇಲ್ಲದಿದ್ದಾಗ.

ಚೆಲ್ಸಿಯಿಂದ ಆರ್ಸೆನಲ್, ಅಲ್ಲಿ ಆಡಲು ಸಾಕಷ್ಟು ಅವಕಾಶ ಸಿಗದೆ 2008ರ ಜನವರಿಯಲ್ಲಿ ಪೋರ್ಟ್ಸ್‌ಮತ್. ಅದೇ ವರ್ಷ ಪೋರ್ಟ್ಸ್‌ಮತ್ ಜೊತೆ ಎಫ್‌ಎ ಕಪ್ ಗೆದ್ದರು. 2009ರ ಜನವರಿಯಲ್ಲಿ ರಿಯಲ್ ಮ್ಯಾಡ್ರಿಡ್. ಅಲ್ಲೊಂದು ಪ್ರಸಂಗ ನಡೆಯಿತು. ಮ್ಯಾಡ್ರಿಡ್ ಆ ತಿಂಗಳು ಡಿಯಾರಾ ಜೊತೆಗೆ ಡಚ್ ಸ್ಟ್ರೈಕರ್ ಹುಂಟೆಲಾರ್ ಅವರನ್ನೂ ಕೊಂಡಿತ್ತು. ಆ ಋತುವಿನಲ್ಲಿ ಇಬ್ಬರೂ ಹಳೆಯ ಕ್ಲಬ್ಬುಗಳಿಗಾಗಿ ಯೂಫಾ ಕಪ್ ಆಡಿದ್ದರಿಂದ, ನಿಯಮದ ಪ್ರಕಾರ ಚಾಂಪಿಯನ್ಸ್ ಲೀಗ್‌ಗೆ ಒಬ್ಬರನ್ನು ಮಾತ್ರ ನೋಂದಾಯಿಸಬಹುದಿತ್ತು. ಕ್ಲಬ್ ಆರಿಸಿದ್ದು ಡಿಯಾರಾ ಅವರನ್ನು. ಆಟಗಾರ ಎಷ್ಟೇ ದೊಡ್ಡವನಾದರೂ ನೋಂದಣಿಯಿಲ್ಲದೆ ಮೈದಾನಕ್ಕೆ ಇಳಿಯುವಂತಿಲ್ಲ. ಮುಂದೆ ಅವರ ಬದುಕನ್ನು ಕಟ್ಟಿಹಾಕಿದ್ದೂ ಇದೇ ನೋಂದಣಿ.

ಮಾಸ್ಕೋದಲ್ಲಿ ಮುರಿದ ಕರಾರು

2012ರಲ್ಲಿ ಡಿಯಾರಾ ರಷ್ಯಾದ ಆಂಝಿ ಮಖಚ್‌ಕಲಾ ಸೇರಿದರು. ಶತಕೋಟ್ಯಧಿಪತಿ ಸುಲೇಮಾನ್ ಕೆರಿಮೋವ್ ಹಣ ಸುರಿಯುತ್ತಿದ್ದ ಕ್ಲಬ್ಬದು. 2013ರ ಆಗಸ್ಟ್‌ನಲ್ಲಿ ಅವರು ಹಠಾತ್ತನೆ ಬಜೆಟ್ ಕಡಿದರು, ತಾರೆಗಳೆಲ್ಲ ಚದುರಿದರು. ಡಿಯಾರಾ ನಾಲ್ಕು ವರ್ಷಗಳ ಕರಾರಿಗೆ ಲೋಕೊಮೊಟಿವ್ ಮಾಸ್ಕೋ ಸೇರಿದರು.

ಒಂದೇ ವರ್ಷದಲ್ಲಿ ಸಂಬಂಧ ಹಳಸಿತು. ಸಂಬಳ ಕಡಿತ ಮಾಡಿದರು ಎಂಬುದು ಆಟಗಾರನ ದೂರು, ಶಿಸ್ತು ಪಾಲಿಸಲಿಲ್ಲ ಎಂಬುದು ಕ್ಲಬ್ಬಿನ ದೂರು. 2014ರ ಆಗಸ್ಟ್‌ನಲ್ಲಿ ಲೋಕೊಮೊಟಿವ್ ತಾನೇ ಕರಾರು ರದ್ದು ಮಾಡಿ, ತಪ್ಪು ಆಟಗಾರನದೆಂದು ವಾದಿಸಿ, ಫಿಫಾದ ವಿವಾದ ಇತ್ಯರ್ಥ ಸಮಿತಿಯ ಮುಂದೆ 2 ಕೋಟಿ ಯೂರೋ ಪರಿಹಾರ ಕೇಳಿತು. ಬಾಕಿ ಸಂಬಳಕ್ಕಾಗಿ ಡಿಯಾರಾ ಪ್ರತಿ-ಅರ್ಜಿ ಹಾಕಿದರು.

ಮಾಸ್ಕೋದ ಜಗಳದಲ್ಲಿ ಯಾರದು ಸರಿ ಎಂದು ಐರೋಪ್ಯ ನ್ಯಾಯಾಲಯ ತೀರ್ಮಾನಿಸಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ಆ ವಿಷಯದಲ್ಲಿ ಡಿಯಾರಾ ಸೋತಿದ್ದಾರೆ. 2015ರ ಏಪ್ರಿಲ್‌ನಲ್ಲಿ ಫಿಫಾ ಸಮಿತಿ 1.05 ಕೋಟಿ ಯೂರೋ ಕಟ್ಟಲು ಆದೇಶಿಸಿತು, 2016ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಪ್ರಶ್ನೆ ಇದ್ದದ್ದು ಬೇರೆ. ತಪ್ಪು ಆಟಗಾರನದೇ ಎಂದಿಟ್ಟುಕೊಂಡರೂ, ಅದಕ್ಕಾಗಿ ಅವನು ಬೇರೆಡೆ ದುಡಿಯುವುದನ್ನೇ ತಡೆಯಬಹುದೇ?

ಶಾರ್ಲೆರ್ವಾ ಹಾಕಿದ ಎರಡು ಷರತ್ತು

2015ರ ಫೆಬ್ರುವರಿಯಲ್ಲಿ ಬೆಲ್ಜಿಯಂನ ಶಾರ್ಲೆರ್ವಾ ಕ್ಲಬ್ ಡಿಯಾರಾ ಅವರನ್ನು ಸೇರಿಸಿಕೊಳ್ಳಲು ಮುಂದೆ ಬಂತು. ಆದರೆ ಷರತ್ತು ಎರಡಿತ್ತು. ಒಂದು, ಅವರು ಸಮಯಕ್ಕೆ ಸರಿಯಾಗಿ ನೋಂದಣಿಯಾಗಿ ಆಡಲು ಅರ್ಹರಾಗಬೇಕು. ಎರಡು, ಲೋಕೊಮೊಟಿವ್‌ಗೆ ಸಲ್ಲಬೇಕಾದ ಪರಿಹಾರಕ್ಕೆ ತಾನು ಹೊಣೆಯಲ್ಲ ಎಂಬ ಲಿಖಿತ ಭರವಸೆ ಸಿಗಬೇಕು. ಭರವಸೆ ಸಿಗಲಿಲ್ಲ. ಕರಾರು ಆಗಲಿಲ್ಲ.

ಶಾರ್ಲೆರ್ವಾ ಹೆದರಿದ್ದು ಯಾಕೆ? ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮಾವಳಿಯ 17ನೇ ವಿಧಿ ಆಗ ಹೀಗಿತ್ತು: ಸಕಾರಣವಿಲ್ಲದೆ ಕರಾರು ಮುರಿದ ಆಟಗಾರ ಪರಿಹಾರ ಕಟ್ಟಬೇಕು. ಆ ಪರಿಹಾರಕ್ಕೆ ಅವನ ಹೊಸ ಕ್ಲಬ್ಬೂ ಜಂಟಿಯಾಗಿ ಹೊಣೆ, ಅದು ಏನೂ ತಪ್ಪು ಮಾಡಿರದಿದ್ದರೂ ಸರಿ. ಕರಾರಿನ ರಕ್ಷಿತ ಅವಧಿಯಲ್ಲಿ, ಅಂದರೆ ಮೊದಲ ಎರಡು ಮೂರು ವರ್ಷಗಳಲ್ಲಿ, ಹೀಗಾದರೆ ಹೊಸ ಕ್ಲಬ್ಬೇ ಅವನಿಗೆ ಕುಮ್ಮಕ್ಕು ಕೊಟ್ಟಿದೆ ಎಂದು ಊಹಿಸಲಾಗುತ್ತಿತ್ತು. ಕೊಟ್ಟಿಲ್ಲ ಎಂದು ಸಾಬೀತು ಮಾಡದಿದ್ದರೆ ಎರಡು ನೋಂದಣಿ ಅವಧಿಗಳವರೆಗೆ ಆ ಕ್ಲಬ್ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಇದರ ಮೇಲೆ, ವಿವಾದ ಬಾಕಿಯಿದ್ದರೆ ಹಳೆಯ ದೇಶದ ಸಂಸ್ಥೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೊಡುವಂತಿರಲಿಲ್ಲ. ಫೀಸು ಬಾಕಿಯೆಂದು ಶಾಲೆ ಮಗುವಿನ ಟಿ.ಸಿ. ಹಿಡಿದಿಟ್ಟುಕೊಂಡು, ಬೇರೆ ಶಾಲೆ ಆ ಮಗುವನ್ನು ಸೇರಿಸಿಕೊಂಡರೆ ಬಾಕಿಯನ್ನೂ ಆ ಶಾಲೆಯೇ ಕಟ್ಟಬೇಕು ಎಂದರೆ ಹೇಗಿರುತ್ತದೋ ಹಾಗೆ.

ಹೊಸ ಕ್ಲಬ್ಬಿನ ಮಾಲೀಕ ಲೆಕ್ಕ ಹಾಕುತ್ತಾನೆ. ಈ ಆಟಗಾರನನ್ನು ತೆಗೆದುಕೊಂಡರೆ ನಾಳೆ ನನ್ನ ತಲೆಗೆ 10 ಲಕ್ಷ ಯೂರೋ ಬರಬಹುದು, 2 ಕೋಟಿಯೂ ಬರಬಹುದು. ಎಷ್ಟೆಂದು ಯಾರೂ ಹೇಳಲಾರರು. ಸಹವಾಸವೇ ಬೇಡ ಎನ್ನುತ್ತಾನೆ. ನಿಷೇಧ ಎಂಬ ಪದವನ್ನು ಎಲ್ಲೂ ಬಳಸದೆ ಆಟಗಾರನನ್ನು ನಿಷೇಧಿಸಿದಂತಾಯಿತು.

ಈ ಭಯ ಕಲ್ಪಿತವಲ್ಲ ಎಂಬುದಕ್ಕೆ ಮುಂದಿನ ಘಟನೆಯೇ ಸಾಕ್ಷಿ. ಏಪ್ರಿಲ್‌ನ ಆದೇಶದಲ್ಲಿ ಫಿಫಾ ಸಮಿತಿ, ಡಿಯಾರಾ ಅವರ ಮುಂದಿನ ಕ್ಲಬ್ಬಿಗೆ ಜಂಟಿ ಹೊಣೆಯ ನಿಯಮ ಅನ್ವಯಿಸದು ಎಂದೂ ಹೇಳಿತು. ಜುಲೈನಲ್ಲಿ ಫ್ರಾನ್ಸಿನ ಮಾರ್ಸೆ ಕ್ಲಬ್ ಅವರನ್ನು ಸೇರಿಸಿಕೊಂಡಿತು. ಅಕ್ಟೋಬರ್‌ನಲ್ಲಿ, ಐದು ವರ್ಷಗಳ ನಂತರ, ಫ್ರಾನ್ಸ್ ರಾಷ್ಟ್ರೀಯ ತಂಡಕ್ಕೂ ಕರೆ ಬಂತು. ಅಂದರೆ ಆಟ ಕೈಕೊಟ್ಟಿರಲಿಲ್ಲ. ಹೊಣೆಯ ಭಯ ಕಳೆದೊಡನೆ ಕೆಲಸವೂ ಸಿಕ್ಕಿತು. 29-30ರ ವಯಸ್ಸಿನಲ್ಲಿ, ಓಟವನ್ನೇ ನಂಬಿದ ಮಿಡ್‌ಫೀಲ್ಡರ್ ಒಂದು ಇಡೀ ಋತು ಹೊರಗುಳಿದದ್ದನ್ನು ಮಾತ್ರ ಯಾರೂ ಹಿಂದಿರುಗಿಸಲಾರರು.

ಬೋಸ್ಮನ್‌ನಿಂದ ಶುರುವಾದ ಕಥೆ

ಈ ನಿಯಮಗಳು ಎಲ್ಲಿಂದ ಬಂದವೆಂದು ತಿಳಿಯಲು ಇನ್ನೊಬ್ಬ ಮಿಡ್‌ಫೀಲ್ಡರ್ ಕಡೆಗೆ ಹೋಗಬೇಕು. ಬೆಲ್ಜಿಯಂನ ಝಾನ್-ಮಾರ್ಕ್ ಬೋಸ್ಮನ್ ಅವರ ಕರಾರು 1990ರಲ್ಲಿ ಮುಗಿದಿತ್ತು. ಲಿಯೆಝ್ ಕ್ಲಬ್ ಸಂಬಳವನ್ನು ಕಾಲು ಭಾಗಕ್ಕೆ ಇಳಿಸಿ ಹೊಸ ಕರಾರು ಮುಂದಿಟ್ಟಿತು. ಫ್ರಾನ್ಸಿನ ಡಂಕರ್ಕ್‌ಗೆ ಹೋಗುತ್ತೇನೆಂದರೆ ಶುಲ್ಕವಿಲ್ಲದೆ ಬಿಡಲು ಒಪ್ಪಲಿಲ್ಲ. ಕರಾರು ಮುಗಿದ ಮೇಲೂ ಆಟಗಾರ ಕ್ಲಬ್ಬಿನ ಆಸ್ತಿಯೇ ಆಗಿದ್ದ ಕಾಲವದು. 1995ರ ಡಿಸೆಂಬರ್ 15ರಂದು ಇದೇ ಐರೋಪ್ಯ ನ್ಯಾಯಾಲಯ ಆ ಪದ್ಧತಿಯನ್ನು ಕೊನೆಗೊಳಿಸಿತು. ಬೋಸ್ಮನ್ ಪರ ವಾದಿಸಿದ ವಕೀಲ ಝಾನ್-ಲೂಯಿ ಡುಪೋಂ ಅವರೇ ಮೂರು ದಶಕಗಳ ನಂತರ ಡಿಯಾರಾ ಪರ ನಿಂತವರು.

ಕರಾರು ಮುಗಿದವನು ಸ್ವತಂತ್ರನಾದ ಮೇಲೆ ಕ್ಲಬ್ಬುಗಳು ಕರಾರಿನ ಅವಧಿಯನ್ನು ಉದ್ದ ಮಾಡಿದವು. ಇನ್ನೂ ಎರಡು ಮೂರು ವರ್ಷ ಬಾಕಿಯಿರುವವನನ್ನು ಬಿಟ್ಟುಕೊಡಲು ಪಡೆಯುವ ಹಣವೇ ಇಂದಿನ ಟ್ರಾನ್ಸ್‌ಫರ್ ಶುಲ್ಕ. ಹಾಗಾಗಿ ಮಧ್ಯದಲ್ಲಿ ಕರಾರು ಮುರಿದರೆ ಏನಾಗುತ್ತದೆ ಎಂಬುದರ ಮೇಲೆ ಇಡೀ ಮಾರುಕಟ್ಟೆ ನಿಂತಿತು. ಮುರಿಯುವುದು ಅಗ್ಗವಾದರೆ ಯಾರೂ ಶುಲ್ಕ ಕಟ್ಟುವುದಿಲ್ಲ, ದುಬಾರಿಯಾದಷ್ಟೂ ಶುಲ್ಕ ಏರುತ್ತದೆ. 2001ರಲ್ಲಿ ಐರೋಪ್ಯ ಆಯೋಗದ ಜೊತೆ ಮಾತುಕತೆ ನಡೆಸಿ ಫಿಫಾ ತಂದ ನಿಯಮಾವಳಿ ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು.

ಒಂದೇ ವಿಧಿ, ಮೂರು ಬೆಲೆ

17ನೇ ವಿಧಿಯ ದೊಡ್ಡ ದೋಷ ಅದರ ಕಠಿಣತೆಗಿಂತ ಅಸ್ಪಷ್ಟತೆ. ಪರಿಹಾರ ಲೆಕ್ಕ ಹಾಕುವಾಗ ಆಯಾ ದೇಶದ ಕಾನೂನು, 'ಕ್ರೀಡೆಯ ವಿಶಿಷ್ಟತೆ', ಉಳಿದ ಸಂಬಳ, ಹಳೆಯ ಕ್ಲಬ್ ಮಾಡಿದ ಖರ್ಚು ಇತ್ಯಾದಿಗಳನ್ನು ನೋಡಬೇಕು ಎಂದಿತ್ತೇ ಹೊರತು ಯಾವುದಕ್ಕೆ ಎಷ್ಟು ತೂಕ ಎಂದಿರಲಿಲ್ಲ.

ಸ್ಕಾಟ್ಲೆಂಡಿನ ಡಿಫೆಂಡರ್ ಆ್ಯಂಡಿ ವೆಬ್‌ಸ್ಟರ್ 2006ರಲ್ಲಿ ಹಾರ್ಟ್ಸ್ ಬಿಟ್ಟು ವಿಗನ್ ಸೇರಿದಾಗ ಫಿಫಾ ಸಮಿತಿ 6.25 ಲಕ್ಷ ಪೌಂಡ್ ಎಂದಿತು. 2008ರಲ್ಲಿ ಕ್ರೀಡಾ ನ್ಯಾಯಮಂಡಳಿ, ಉಳಿದ ಸಂಬಳದಷ್ಟು ಸಾಕು ಎಂದು ಅದನ್ನು 1.5 ಲಕ್ಷಕ್ಕೆ ಇಳಿಸಿತು. ಆಟಗಾರರಿಗೆ ಬಾಗಿಲು ತೆರೆಯಿತು ಎಂದುಕೊಳ್ಳುವಷ್ಟರಲ್ಲಿ ಬ್ರೆಜಿಲ್‌ನ ಮಿಡ್‌ಫೀಲ್ಡರ್ ಮಟುಜಲೆಮ್ ಪ್ರಕರಣ ಬಂತು. ಐದು ವರ್ಷಗಳ ಕರಾರಿನಲ್ಲಿ ಮೂರು ಮುಗಿಸಿ 2007ರಲ್ಲಿ ಉಕ್ರೇನಿನ ಶಾಖ್ತರ್ ದೊನೆತ್ಸ್ಕ್ ಬಿಟ್ಟು ಸ್ಪೇನಿನ ಸರಗೋಸಾಕ್ಕೆ ಹೋದವರು ಅವರು. ಫಿಫಾ ಸಮಿತಿ 68 ಲಕ್ಷ ಯೂರೋ ಎಂದರೆ, ಅದೇ ಕ್ರೀಡಾ ನ್ಯಾಯಮಂಡಳಿ 2009ರಲ್ಲಿ ಅದನ್ನು ಸುಮಾರು 1.19 ಕೋಟಿಗೆ ಏರಿಸಿತು. ಈ ಬಾರಿ ಲೆಕ್ಕಕ್ಕೆ ಹಿಡಿದದ್ದು ಮಾರುಕಟ್ಟೆಯಲ್ಲಿ ಆಟಗಾರನಿಗೆ ಇದ್ದ ಬೆಲೆ.

ಹಣ ಕಟ್ಟಲಾಗದಿದ್ದಾಗ ಫಿಫಾ ಮಟುಜಲೆಮ್ ಅವರನ್ನು ಸಾಲ ತೀರುವವರೆಗೆ ಫುಟ್‌ಬಾಲ್‌ನಿಂದಲೇ ಹೊರಗಿಡಲು ಹೊರಟಿತು. 2012ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ದುಡಿಯಲು ಬಿಡದಿದ್ದರೆ ಆಟಗಾರ ಸಾಲ ತೀರಿಸುವುದಾದರೂ ಹೇಗೆ? ಡಿಯಾರಾ ತೀರ್ಪಿನ ಸುಳಿವು ಅಲ್ಲೇ ಇತ್ತು. ಆಗಲೇ ಫಿಫಾ ನಿಯಮ ತಿದ್ದಿಕೊಂಡಿದ್ದರೆ ಈ ಸಂಕಟ ಬರುತ್ತಿರಲಿಲ್ಲ.

ನ್ಯಾಯಾಲಯ ಹೇಳಿದ್ದೇನು

ಡಿಯಾರಾ 2015ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ವಾಣಿಜ್ಯ ನ್ಯಾಯಾಲಯದಲ್ಲಿ 60 ಲಕ್ಷ ಯೂರೋ ದಾವೆ ಹೂಡಿದರು. 2017ರಲ್ಲಿ ಆ ನ್ಯಾಯಾಲಯ ಅವರ ಪರ ನಿಂತಿತು. ಮೇಲ್ಮನವಿ ಮೋನ್ಸ್ ನಗರದ ನ್ಯಾಯಾಲಯಕ್ಕೆ ಹೋಯಿತು, ಅದು 2022ರಲ್ಲಿ ಕಾನೂನಿನ ಪ್ರಶ್ನೆಯನ್ನು ಐರೋಪ್ಯ ನ್ಯಾಯಾಲಯಕ್ಕೆ ಕಳಿಸಿತು.

ತೀರ್ಪಿನಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಕಾರ್ಮಿಕರ ಮುಕ್ತ ಸಂಚಾರ. ಸ್ಪರ್ಧೆ ಸುಗಮವಾಗಿ ನಡೆಯಲು ತಂಡಗಳಲ್ಲಿ ಒಂದಿಷ್ಟು ಸ್ಥಿರತೆ ಬೇಕು ಎಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಆ ಉದ್ದೇಶಕ್ಕೆ ಬೇಕಾದುದಕ್ಕಿಂತ ಈ ನಿಯಮಗಳು ಬಹಳ ದೂರ ಹೋಗಿವೆ ಎಂದಿತು. ಎರಡನೆಯದು ಸ್ಪರ್ಧಾ ಕಾನೂನು. ಕ್ಲಬ್ಬುಗಳೆಲ್ಲ ಸೇರಿ 'ನಿನ್ನ ಆಟಗಾರನನ್ನು ನಾನು ಮುಟ್ಟುವುದಿಲ್ಲ, ನನ್ನವನನ್ನು ನೀನು ಮುಟ್ಟಬೇಡ' ಎಂದು ಒಳಗೊಳಗೆ ಮಾಡಿಕೊಂಡ ಒಪ್ಪಂದಕ್ಕೂ ಇದಕ್ಕೂ ವ್ಯತ್ಯಾಸ ಕಡಿಮೆ ಎಂಬುದು ಅದರ ತರ್ಕ. ಕರಾರು ಮುರಿದರೆ ಪರಿಹಾರ ಕೊಡಿಸಲು ಸಾಮಾನ್ಯ ಒಪ್ಪಂದ ಕಾನೂನು ಸಾಕು, ಅದಕ್ಕಾಗಿ ಕೆಲಸದ ಬಾಗಿಲು ಮುಚ್ಚಬೇಕಿಲ್ಲ.

ಉಳಿದದ್ದೂ ಬಹಳಷ್ಟಿದೆ. ಕರಾರನ್ನು ಗೌರವಿಸಬೇಕೆಂಬ ನಿಯಮ ಉಳಿದಿದೆ, ಋತುವಿನ ನಡುವೆ ಕರಾರು ಮುರಿಯುವಂತಿಲ್ಲ ಎಂಬುದೂ ಇದೆ. ಟ್ರಾನ್ಸ್‌ಫರ್ ವಿಂಡೋಗಳು, ಅಂದರೆ ವರ್ಗಾವಣೆಗೆ ನಿಗದಿಯಾದ ಅವಧಿಗಳು, ಇವೆ. ಕರಾರು ಮುರಿದವನು ಪರಿಹಾರವನ್ನೂ ಕಟ್ಟಬೇಕು.

ಕ್ಲಬ್ಬುಗಳ ಆತಂಕ ಸುಳ್ಳಲ್ಲ

ಆಟಗಾರರ ಪರ ನಿಂತವರು ಕ್ಲಬ್ಬುಗಳ ವಾದವನ್ನು ದುರಾಸೆ ಎಂದು ತಳ್ಳಿಹಾಕುವುದುಂಟು. ಅದು ಸರಿಯಲ್ಲ. ಅರ್ಜೆಂಟೀನಾದ ಮಿಡ್‌ಫೀಲ್ಡರ್ ಎನ್ಸೊ ಫರ್ನಾಂಡೆಸ್ 2022ರಲ್ಲಿ ರಿವರ್ ಪ್ಲೇಟ್‌ನಿಂದ ಬೆನ್ಫಿಕಾಗೆ ಬಂದವರು. 2023ರ ಜನವರಿ ಕೊನೆಯಲ್ಲಿ ಚೆಲ್ಸಿ ಅವರಿಗೆ 10.68 ಕೋಟಿ ಪೌಂಡ್ ಕೊಟ್ಟಿತು. ಹಿಂದಿನ ಮಾರಾಟದಲ್ಲಿ ನಾಲ್ಕನೇ ಒಂದು ಪಾಲು ಉಳಿಸಿಕೊಂಡಿದ್ದ ರಿವರ್ ಪ್ಲೇಟ್‌ಗೂ ಅದರಿಂದ ಹಣ ಹರಿಯಿತು. ಇದಲ್ಲದೆ ಪ್ರತಿ ಶುಲ್ಕದಲ್ಲೂ ಶೇ 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ಆಟಗಾರನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮವಿದೆ. ದಕ್ಷಿಣ ಅಮೆರಿಕ, ಪೋರ್ಚುಗಲ್, ನೆದರ್‌ಲ್ಯಾಂಡ್ಸ್‌ನ ಎಷ್ಟೋ ಕ್ಲಬ್ಬುಗಳ ಸಂಸಾರ ನಡೆಯುವುದೇ ಹುಡುಗರನ್ನು ಬೆಳೆಸಿ ಮಾರುವುದರಿಂದ.

ಕರಾರು ಮುರಿಯುವುದು ಸುಲಭವಾದರೆ ಶುಲ್ಕ ಇಳಿಯುತ್ತದೆ, ಶುಲ್ಕ ಇಳಿದರೆ ಬೆಳೆಸಿದವರ ಪಾಲೂ ಇಳಿಯುತ್ತದೆ. ಉಳಿದ ಹಣ ತಾರೆಯರ ಸಂಬಳಕ್ಕೆ ಹೋಗುತ್ತದೆ, ಆ ಸಂಬಳ ಕೊಡಬಲ್ಲವರು ಶ್ರೀಮಂತ ಕ್ಲಬ್ಬುಗಳು ಮಾತ್ರ. ಈ ಸರಪಳಿ ತರ್ಕಬದ್ಧವಾಗಿಯೇ ಇದೆ. ಆದರೆ ಸಣ್ಣ ಕ್ಲಬ್ಬನ್ನು ಉಳಿಸಲು ಬೇರೆ ದಾರಿಗಳಿವೆ. ಆಟಗಾರನನ್ನು ಬೆಳೆಸಿದ ಕ್ಲಬ್ಬಿಗೆ ಸಲ್ಲುವ ತರಬೇತಿ ಪರಿಹಾರ ಹೆಚ್ಚಿಸಬಹುದು, ಟಿವಿ ಹಣ ಹಂಚುವ ಕ್ರಮ ಬದಲಿಸಬಹುದು. ಸ್ಪೇನಿನಲ್ಲಿ 1985ರ ರಾಜಾಜ್ಞೆಯಡಿ ಕರಾರಿನಲ್ಲೇ ಬಿಡುಗಡೆಯ ಮೊತ್ತ ಬರೆದಿಡುವುದು ರೂಢಿಯಾಗಿದೆ. ಮೊತ್ತ ದೊಡ್ಡದಿರಬಹುದು, ಮೊದಲೇ ಗೊತ್ತಿರುತ್ತದೆ. ಅಲ್ಲಿನ ಲೀಗ್ ಮುಳುಗಿಲ್ಲ.

ಫಿಫಾ ತಿದ್ದಿದ್ದು, ಬಿಟ್ಟಿದ್ದು

2024ರ ಡಿಸೆಂಬರ್‌ನಲ್ಲಿ ಫಿಫಾ ತಾತ್ಕಾಲಿಕ ತಿದ್ದುಪಡಿ ತಂದು 2025ರ ಜನವರಿ 1ರಿಂದ ಜಾರಿಗೊಳಿಸಿತು. ಹೊಸ ಕ್ಲಬ್ ಕುಮ್ಮಕ್ಕು ಕೊಟ್ಟಿದೆ ಎಂಬುದು ಸಾಬೀತಾದರೆ ಮಾತ್ರ ಅದು ಜಂಟಿ ಹೊಣೆಗಾರ. ಹೊಸಬರನ್ನು ಸೇರಿಸಿಕೊಳ್ಳುವುದರ ಮೇಲಿನ ನಿಷೇಧಕ್ಕೂ ಇದೇ ಮಾತು. ಪ್ರಮಾಣಪತ್ರವನ್ನು 72 ಗಂಟೆಯೊಳಗೆ ಕೊಡಲೇಬೇಕು. ಇವು ನಿಜವಾದ ಸುಧಾರಣೆಗಳು. 2015ರಲ್ಲಿ ಇವು ಇದ್ದಿದ್ದರೆ ಡಿಯಾರಾ ಆ ವಸಂತದಲ್ಲಿ ಶಾರ್ಲೆರ್ವಾ ಪರ ಆಡಿರುತ್ತಿದ್ದರು.

ಪರಿಹಾರದ ಲೆಕ್ಕ ಮಾತ್ರ ಇನ್ನೂ ಮಂಜಿನಲ್ಲಿದೆ. ಕರಾರು ಪೂರ್ತಿ ನಡೆದಿದ್ದರೆ ನೊಂದ ಪಕ್ಷ ಯಾವ ಸ್ಥಿತಿಯಲ್ಲಿ ಇರುತ್ತಿತ್ತೋ ಆ ಸ್ಥಿತಿಗೆ ಅದನ್ನು ತರಬೇಕು ಎನ್ನುತ್ತದೆ ಹೊಸ ಸೂತ್ರ. ಆಟಗಾರನ ಮಾರುಕಟ್ಟೆ ಬೆಲೆಯೂ ಇದರೊಳಗೆ ಬರುತ್ತದೆಯೇ? ಬಂದರೆ ಮಟುಜಲೆಮ್ ಕಾಲದ ಕೋಟಿಗಳೇ ಮರಳುತ್ತವೆ, ಬಾರದಿದ್ದರೆ ವೆಬ್‌ಸ್ಟರ್ ಕಾಲದ ಲಕ್ಷಗಳು. ಆಟಗಾರರ ಜಾಗತಿಕ ಸಂಘಟನೆ ಫಿಫ್‌ಪ್ರೊ ಈ ತಿದ್ದುಪಡಿಯನ್ನು ಒಪ್ಪದಿರುವುದು ಇದೇ ಕಾರಣಕ್ಕೆ: ಕರಾರು ಬಿಡಲು ಎಷ್ಟು ತೆರಬೇಕೆಂದು ಆಟಗಾರನಿಗೆ ಇಂದಿಗೂ ಮೊದಲೇ ತಿಳಿಯುವುದಿಲ್ಲ. ಈ ವಿಷಯದಲ್ಲಿ ಫಿಫ್‌ಪ್ರೊ ಕಡೆಯೇ ನ್ಯಾಯವಿದೆ.

ಮುಂದಿನ ದಾವೆಗಳ ತೂಕ ಇರುವುದು ಹಿಂದಿನ ನಷ್ಟದ ಮೇಲೆ. 'ಜಸ್ಟಿಸ್ ಫಾರ್ ಪ್ಲೇಯರ್ಸ್' ಎಂಬ ಡಚ್ ಪ್ರತಿಷ್ಠಾನ ಫಿಫಾ ಜೊತೆಗೆ ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಡೆನ್ಮಾರ್ಕ್ ಸಂಸ್ಥೆಗಳನ್ನೂ ಎದುರು ಪಕ್ಷವಾಗಿಸಿದೆ. 2002ರಿಂದ ಈಚೆಗೆ ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್‌ನಲ್ಲಿ ಆಡಿದ ಸುಮಾರು ಒಂದು ಲಕ್ಷ ಆಟಗಾರರಿಗೆ ನಷ್ಟವಾಗಿದೆ ಎಂಬುದು ಅದರ ಅಂದಾಜು. ಕರಾರು ಮುರಿಯದವರಿಗೆ ನಷ್ಟವೇಕೆ ಎಂದು ಕೇಳಬಹುದು. ಹೊರಡುವ ದಾರಿಯೇ ಇಲ್ಲದವನಿಗೆ ಸಂಬಳ ಚೌಕಾಸಿ ಮಾಡುವ ಶಕ್ತಿಯೂ ಇರುವುದಿಲ್ಲ, ಹೀಗಾಗಿ ಎಲ್ಲರ ಸಂಬಳವೂ ಕುಗ್ಗಿತು ಎಂಬುದು ವಾದ. ಡಿಯಾರಾ ಅವರಿಗಾದರೋ ಒಂದು ನಿರ್ದಿಷ್ಟ ಋತು, ನಿರ್ದಿಷ್ಟ ಕ್ಲಬ್, ಪತ್ರಗಳು ಇವೆ. ಲಕ್ಷ ಜನರ ಕುಗ್ಗಿದ ಸಂಬಳವನ್ನು ಸಾಬೀತು ಮಾಡುವುದು ಅದಕ್ಕಿಂತ ಎಷ್ಟೋ ಕಷ್ಟ.

ನಮ್ಮ ಆಟಗಾರರಿಗೆ ಇದರಿಂದ ಏನು

ಐರೋಪ್ಯ ಕಾನೂನು ಭಾರತಕ್ಕೆ ಅನ್ವಯಿಸುವುದಿಲ್ಲ. ಆದರೆ ಫಿಫಾ ನಿಯಮಾವಳಿ ಜಗತ್ತಿಗೆಲ್ಲ ಒಂದೇ, ಹಾಗಾಗಿ ತಿದ್ದುಪಡಿಯ ಪರಿಣಾಮ ಬೆಂಗಳೂರಿನ ಕಂಠೀರವದಲ್ಲಿ ಆಡುವ ವಿದೇಶಿ ಆಟಗಾರನಿಗೂ, ಹೊರದೇಶಕ್ಕೆ ಹೋಗಬಯಸುವ ನಮ್ಮವನಿಗೂ ತಟ್ಟುತ್ತದೆ. ದೇಶದೊಳಗಿನ ವರ್ಗಾವಣೆಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ನಿಯಮಗಳಿವೆ. ಅವು ಫಿಫಾದ ಅಚ್ಚಿನಲ್ಲೇ ಎರಕವಾದವು. 2024ರಲ್ಲಿ ಡಿಫೆಂಡರ್ ಅನ್ವರ್ ಅಲಿ ಮೋಹನ್ ಬಾಗಾನ್ ಜೊತೆಗಿನ ಕರಾರು ಮುರಿದು ಈಸ್ಟ್ ಬೆಂಗಾಲ್ ಸೇರಿದಾಗ ಫೆಡರೇಷನ್‌ನ ಸಮಿತಿ ನಾಲ್ಕು ತಿಂಗಳ ಅಮಾನತು ಮತ್ತು 12.9 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಪರಿಹಾರದ ಹೊಣೆ ಆಟಗಾರನ ಜೊತೆಗೆ ಈಸ್ಟ್ ಬೆಂಗಾಲ್ ಮತ್ತು ಅವರ ಮೂಲ ಕ್ಲಬ್ ದೆಹಲಿ ಎಫ್‌ಸಿ ಮೇಲೂ ಬಿತ್ತು. ವಿಷಯ ದೆಹಲಿ ಹೈಕೋರ್ಟ್‌ಗೆ ಹೋದ ಮೇಲೆ ಆ ಆದೇಶ ಹಿಂಪಡೆದು ಮರುವಿಚಾರಣೆಗೆ ಒಪ್ಪಬೇಕಾಯಿತು.

ಭಾರತದ ಕಾನೂನಿನಲ್ಲೂ ಇಂಥ ವಾದಕ್ಕೆ ಆಧಾರವಿದೆ. 1872ರ ಒಪ್ಪಂದ ಕಾಯ್ದೆಯ 27ನೇ ಕಲಂ, ವೃತ್ತಿ ನಡೆಸದಂತೆ ತಡೆಯುವ ಒಪ್ಪಂದಗಳನ್ನು ಅಸಿಂಧು ಎನ್ನುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರಾರು ಮುಗಿದ ಮೇಲೂ ಕಟ್ಟಿಹಾಕುವ ಷರತ್ತಿಗೆ ಬೆಲೆಯಿಲ್ಲ ಎಂದಿತ್ತು. ಕರಾರು ಚಾಲ್ತಿಯಲ್ಲಿರುವಾಗ ಮುರಿದವನಿಗೆ ಈ ರಕ್ಷಣೆ ಎಷ್ಟರಮಟ್ಟಿಗೆ ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ.

ನಮ್ಮಲ್ಲಿ ಕರಾರು ಮುರಿಯುವ ಭಯ ಹೆಚ್ಚಾಗಿ ಬರುವುದು ಎದುರು ದಿಕ್ಕಿನಿಂದ. ದೇಶದ ಪ್ರಮುಖ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುವುದೇ ಅನುಮಾನವಾದ 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಫಿಫಾ ನಿಯಮದ ಪ್ರಕಾರ ಎರಡು ತಿಂಗಳ ಸಂಬಳ ಬಾಕಿಯಾದರೆ, ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು ಆಟಗಾರ ಸಕಾರಣದಿಂದ ಕರಾರು ಬಿಡಬಹುದು. ಹಳೆಯ ನಿಯಮವಿದ್ದಾಗ, ಕಾರಣ ಸರಿಯೋ ತಪ್ಪೋ ಎಂಬ ವಿವಾದ ಮುಗಿಯುವವರೆಗೆ ಅಂಥವನನ್ನು ಮುಟ್ಟಲು ಬೇರೆ ಕ್ಲಬ್ ಹೆದರುತ್ತಿತ್ತು. ಈಗ ಹೊರದೇಶದ ಕ್ಲಬ್ಬೊಂದು ಕರೆದರೆ ಪ್ರಮಾಣಪತ್ರ 72 ಗಂಟೆಯೊಳಗೆ ಬರಬೇಕು, ಸಂಬಳದ ಜಗಳ ಪಕ್ಕದಲ್ಲಿ ನಡೆಯುತ್ತಿರಬಹುದು. ದೇಶದೊಳಗೇ ಕ್ಲಬ್ ಬದಲಿಸುವ ಆಟಗಾರನಿಗೂ ಇಷ್ಟೇ ಸಲೀಸಾಗಿ ನೋಂದಣಿ ಸಿಗಬೇಕಾದರೆ ಫೆಡರೇಷನ್ ತನ್ನ ನಿಯಮಗಳನ್ನೂ ಇದೇ ದಿಕ್ಕಿನಲ್ಲಿ ತಿದ್ದಬೇಕು.